ನಿಲ್ಲಿಸೋದು ಹೇಗೆ ಅಂತ ಮೊದಲು ಕೇಳುವ ಮುರಳಿಮೋಹನ

ಹೊಸ ಯಂತ್ರವೊಂದು ಎದುರಿಗೆ ಬಂದರೆ ಇದನ್ನು ಶುರು ಮಾಡೋದು ಹೇಗೆ ಅಂತ ಲೋಕವೆಲ್ಲ ಕೇಳುತ್ತದೆ. ಮುರಳಿಮೋಹನ ಮಾತ್ರ ಇದನ್ನು ನಿಲ್ಲಿಸೋದು ಹೇಗೆ ಅಂತ ಕೇಳುತ್ತಾನೆ. ಅತ್ತೆ ಮನೆಗೆ ಹೊಸ ಮಿಕ್ಸಿ ಬಂದ ದಿನ ಹಾಗೇ ಕೇಳಿದ್ದ. ಭಾಮೈದನ ಬೈಕಿನ ಹಿಂದೆ ಕೂರುವ ಮೊದಲು ಬ್ರೇಕ್ ಹಿಡಿದು ನೋಡಿದ್ದ. ಚಿಂತಾಮಣಿಯ ಮದುವೆ ಛತ್ರವೊಂದರಲ್ಲಿ, ಹೊರಗೆ ಜನರೇಟರ್ ಗುಡುಗುಡು ಅನ್ನುವುದು ಕಿವಿಗೆ ಬಿದ್ದು, ಊಟದ ಎಲೆ ಬಿಟ್ಟು ಎದ್ದು ಹೋಗಿ ಅದರ ಸ್ವಿಚ್ ಎಲ್ಲಿದೆ ಅಂತ ನೋಡಿಕೊಂಡು ಬಂದವನು ಇವನು. ಬರುವಷ್ಟರಲ್ಲಿ ಪಾಯಸದವರು ಇವನ ಎಲೆ ದಾಟಿ ಹೋಗಿಬಿಟ್ಟಿದ್ದರು.

ಇಂಥವನಿಗೆ ಊರು ಯಾವ ಹೆಸರಿಡಬೇಕೋ ಅದನ್ನೇ ಇಟ್ಟಿತ್ತು. ಪುಕ್ಕಲ ಮುರಳಿ. ಮುಖದೆದುರೇ ಹಾಗೆ ಕರೆಯುತ್ತಿದ್ದರು, ಇವನೂ ನಕ್ಕು ಓಗೊಡುತ್ತಿದ್ದ. ತಮಾಷೆ ಏನೆಂದರೆ ಈ ಪುಕ್ಕಲನ ಅನ್ನ ಹುಟ್ಟುತ್ತಿದ್ದುದೇ ಯಂತ್ರದಿಂದ. ಮಿನಿ ಲೋಡರ್ ಅಂತ ಕರೆಯುತ್ತಾರಲ್ಲ, ಜೆಸಿಬಿಗೆ ತಮ್ಮನ ಹಾಗಿರುವ ಕುಳ್ಳ ಗಾಡಿ, ಅದು. ಮುಂದೆ ಒಂದು ಬಕೆಟ್, ನಡುವೆ ಪಂಜರದಂಥ ಕ್ಯಾಬಿನ್, ಸ್ಟೀರಿಂಗ್ ಇಲ್ಲ, ಎರಡು ಕೈಗೆ ಎರಡು ಲಿವರ್. ನಿಂತ ಜಾಗದಲ್ಲೇ ಗಿರ್ರನೆ ತಿರುಗಿಕೊಳ್ಳುತ್ತದೆ. ದೊಡ್ಡ ಗಾಡಿಗಳು ತಲೆ ತೂರಿಸಲಾಗದ ತಗ್ಗು ಮಾಡಿನ ಕೋಳಿ ಶೆಡ್ಡುಗಳಿಗೆ ಅದೇ ಗತಿ. ಒಂದು ಸುತ್ತಿನ ಕೋಳಿ ಮಾರಾಟವಾದ ಮೇಲೆ ನೆಲದ ತುಂಬ ಉಳಿಯುವ ಹೊಟ್ಟು, ಗೊಬ್ಬರವನ್ನೆಲ್ಲ ಬಾಚಿ ಲಾರಿಗೆ ತುಂಬುವುದು ಮುರಳಿಯ ಕೆಲಸ. ಚಿಂತಾಮಣಿಯಿಂದ ಮುರುಗಮಲ್ಲದವರೆಗೆ ಆ ಕೆಲಸಕ್ಕೆ ಎಲ್ಲರೂ ಇವನನ್ನೇ ಕರೆಯುತ್ತಿದ್ದರು. ಕೆಲಸಕ್ಕೆ ಕರೆಯುವಾಗ ಪುಕ್ಕಲ ಅಂತ ಯಾರೂ ಅನ್ನುತ್ತಿರಲಿಲ್ಲ, ಅದೊಂದು ಮರ್ಯಾದೆ ಇತ್ತು.

ಭಯ ಇವನಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕೆ ಸೇರಿದ್ದಾಗ, ಪಕ್ಕದಲ್ಲಿ ಆವುಲಪ್ಪ ಅಂತ ಒಬ್ಬರಿದ್ದರು. ಒಳ್ಳೆ ಹಾಡುಗಾರರು, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್. ಒಂದು ದಿನ ಆ ಟವೆಲ್ಲಿನ ತುದಿ ಮೋಟಾರಿನ ಬೆಲ್ಟಿಗೆ ಸಿಕ್ಕಿತು, ಬಿಡಿಸಿಕೊಳ್ಳಲು ಹೋದ ಕೈಯೂ ಸಿಕ್ಕಿತು. ಅಲ್ಲಿದ್ದವರೆಲ್ಲ ಕೂಗಿದರು, ಆ ಕಡೆಗೆ ಈ ಕಡೆಗೆ ಓಡಿದರು. ಮೋಟಾರಿನ ಸ್ವಿಚ್ ಎಲ್ಲಿದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ದಿನವೂ ಬೆಳಗ್ಗೆ ಹಾಕಿ ಸಂಜೆ ಆರಿಸುತ್ತಿದ್ದವನು ಆ ಹೊತ್ತು ಚಹಾಕ್ಕೆ ಹೋಗಿದ್ದ. ಗೂಡಿನ ಚೀಲಗಳ ಹಿಂದೆ ಅಡಗಿದ್ದ ಆ ಸ್ವಿಚ್ಚನ್ನು ಹುಡುಕಿ ಆರಿಸುವಷ್ಟರಲ್ಲಿ ಆವುಲಪ್ಪನವರ ಎರಡು ಬೆರಳು ಹೋಗಿದ್ದವು. ಅವತ್ತಿನಿಂದ ಮುರಳಿ ಉಂಗುರ ತೆಗೆದ, ಉಡಿದಾರ ತೆಗೆದ, ಕೈಗೆ ಒಂದು ಎಳೆ ದಾರವನ್ನೂ ಕಟ್ಟಿಸಿಕೊಳ್ಳಲಿಲ್ಲ. ಲೋಡರ್ ಕೊಳ್ಳಲು ಹೋದಾಗಲೂ ಅದರ ಬಕೆಟ್ ಎಷ್ಟು ಎತ್ತುತ್ತದೆ ಅಂತ ಕೇಳಲಿಲ್ಲವಂತೆ. ಕೇಳಿದ್ದು ಆ ಒಂದೇ ಪ್ರಶ್ನೆ.

ಅದಕ್ಕೆ ಸಿಕ್ಕ ಉತ್ತರ ಅವನಿಗೆ ಬಹಳ ಹಿಡಿಸಿತ್ತು. ಸೀಟಿನಲ್ಲಿ ಕೂತು ತೊಡೆಯ ಮುಂದೆ ಎಳೆದುಕೊಳ್ಳುವ ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ. ಅದನ್ನು ಎತ್ತಿದ ತಕ್ಷಣ ಇಂಜಿನ್ ತಾನಾಗಿ ಸಾಯುತ್ತದೆ. ಮನುಷ್ಯ ಸೀಟು ಬಿಟ್ಟು ಏಳಬೇಕಾದರೆ ಪಟ್ಟಿ ಎತ್ತಲೇಬೇಕು, ಹಾಗಾಗಿ ಆಳಿಲ್ಲದೆ ಗಾಡಿ ಓಡುವುದಿಲ್ಲ. ಪ್ರತಿದಿನ ಬೆಳಗ್ಗೆ ಮುರಳಿ ಇಂಜಿನ್ ಹಾಕುತ್ತಿದ್ದ, ಪಟ್ಟಿ ಎತ್ತುತ್ತಿದ್ದ, ಸತ್ತಿತಾ ಅಂತ ಕಿವಿಗೊಟ್ಟು ಕೇಳುತ್ತಿದ್ದ. ಮತ್ತೆ ಹಾಕಿ ಮತ್ತೆ ನೋಡುತ್ತಿದ್ದ. ಗುದ್ದಲಿ ಹಿಡಿದು ಕಾಯುತ್ತಾ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವರ ನಡುವೆಯೇ ನಿಂತಿರುತ್ತಿದ್ದ ಅವನ ಹೆಂಡತಿ ಕವಿತ ಮಾತ್ರ ನೆಲ ನೋಡುತ್ತಿದ್ದಳು.

ಆಯುಧಪೂಜೆ ಮುಗಿದ ಆ ವಾರ ಕೆಲಸ ಇದ್ದದ್ದು ಮುರುಗಮಲ್ಲದ ಹತ್ತಿರ, ವೆಂಕಟರಾಯಪ್ಪನವರ ಕೋಳಿ ಶೆಡ್ಡಿನಲ್ಲಿ. ವೆಂಕಟರಾಯಪ್ಪನವರು ಹೊಲ, ತೋಟ, ಎರಡು ಉದ್ದನೆಯ ಶೆಡ್ಡು ಇರುವ ಮನುಷ್ಯ, ಕೆಟ್ಟವರಲ್ಲ, ಆದರೆ ತಾಳ್ಮೆ ಅನ್ನುವುದನ್ನು ದೇವರು ಕೊಡುವ ಹೊತ್ತಿಗೆ ಮುಗಿದುಹೋಗಿತ್ತು ಅಂತ ಕಾಣುತ್ತೆ. ಬರುವ ವಾರ ಹೊಸ ಮರಿ ಇಳಿಯಬೇಕು. ಅದಕ್ಕೆ ಮೊದಲು ಶೆಡ್ ತೊಳೆದು, ಸುಣ್ಣ ಬಳಿದು, ಒಣಗಿಸಬೇಕು. ದ್ರಾಕ್ಷಿ ತೋಟಕ್ಕೆ ಗೊಬ್ಬರ ಒಯ್ಯುವ ಲಾರಿ ಬಂದು ನಿಂತಿತ್ತು. ಬೆಳಗಿನಿಂದ ಬಾಚಿದ ಅರ್ಧ ಗೊಬ್ಬರ ಶೆಡ್ಡಿನ ಬಾಗಿಲಲ್ಲಿ ಗುಡ್ಡೆ ಬಿದ್ದಿತ್ತು. ಚಿಂತಾಮಣಿ ಕಡೆಯ ಆಕಾಶ ಕಪ್ಪಗಾಗುತ್ತಿತ್ತು. ಆ ಗುಡ್ಡೆಯ ಮೇಲೆ ಒಂದು ಮಳೆ ಬಿದ್ದರೆ ಆಮೇಲೆ ಅದು ಗೊಬ್ಬರವಲ್ಲ, ಮೂಗು ಬಿಡಲಾಗದ ಕೆಸರು.

ಚಹಾ ಕುಡಿದು ಬಂದು ಮುರಳಿ ಕೀಲಿ ತಿರುಗಿಸಿದ. ಇಂಜಿನ್ ಹತ್ತಿತು. ಕೀಲಿಯಿಂದ ಕೈ ಸಡಿಲಿಸಿದ್ದೇ ತಡ, ಆರಿಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಹತ್ತಿತು, ಕೈ ಬಿಟ್ಟ ತಕ್ಷಣ ಮತ್ತೆ ಆರಿತು.

ಅವನು ಇಳಿದು ಗಾಡಿಯ ಹಿಂಬಾಗಿಲು ತೆಗೆದ. ಡೀಸೆಲ್ ಇತ್ತು. ಗಾಳಿ ಹೊಕ್ಕಿರಬಹುದು ಅಂತ ಕೈಪಂಪು ಒತ್ತಿ ಗಾಳಿ ತೆಗೆದ, ಉಪಯೋಗವಾಗಲಿಲ್ಲ. ಬ್ಯಾಟರಿ ಗಟ್ಟಿಯಾಗಿತ್ತು. ಫ್ಯೂಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ, ಅದೂ ಸರಿಯಾಗಿತ್ತು. ಕೊನೆಗೆ ಉಳಿದದ್ದು ಡೀಸೆಲ್ ಪಂಪಿನ ಪಕ್ಕದ ಸೊಲೆನಾಯ್ಡ್. ಮುಷ್ಟಿಯಷ್ಟು ದಪ್ಪದ ಒಂದು ಕಬ್ಬಿಣದ ಡಬ್ಬಿ ಅದು, ಒಳಗೆ ತಾಮ್ರದ ಸುರುಳಿ. ಕರೆಂಟು ಬಂದಾಗ ಡಬ್ಬಿ ಒಂದು ಕಡ್ಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಕಡ್ಡಿ ಪಂಪಿನ ಚಿಕ್ಕ ಲಿವರನ್ನು ಎಳೆಯುತ್ತದೆ, ಇಂಜಿನ್ನಿಗೆ ಡೀಸೆಲ್ ಹರಿಯುತ್ತದೆ. ಕೀಲಿ ಆರಿಸಿದರೆ, ಇಲ್ಲವೇ ಆ ಅಡ್ಡಪಟ್ಟಿ ಎತ್ತಿದರೆ, ಕರೆಂಟು ನಿಂತು ಸ್ಪ್ರಿಂಗು ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ, ಡೀಸೆಲ್ ಕಟ್ಟು, ಇಂಜಿನ್ ಸತ್ತಿತು. ಉಳಿದವರ ಲೆಕ್ಕದಲ್ಲಿ ಅದು ಇಂಜಿನ್ ಓಡಿಸುವ ಸಾಮಾನು. ಮುರಳಿಯ ಲೆಕ್ಕದಲ್ಲಿ ಅದು ನಿಲ್ಲಿಸುವ ಸಾಮಾನು.

ಖಾಲಿ ಸೀಟಿನ ಮುಂದೆ ಅಡ್ಡಪಟ್ಟಿ ಇಳಿಸಿಟ್ಟು, ಎರಡು ವೈರು ಕಟ್ಟಿದ ಬಲ್ಬು ಹಿಡಿದು ನೋಡಿದ. ಕೀಲಿ ಹಾಕಿದಾಗ ಬಲ್ಬು ಉರಿಯಿತು, ಅಂದರೆ ಸೊಲೆನಾಯ್ಡಿನವರೆಗೆ ಕರೆಂಟು ಬರುತ್ತಿದೆ. ಅರ್ತಿಂಗ್ ವೈರಿನ ಬೋಲ್ಟ್ ಬಿಚ್ಚಿ ಕೆರೆದು ಹಾಕಿದ. ಅಡ್ಡಪಟ್ಟಿಯ ಸ್ವಿಚ್ ನೋಡಿದ. ಎಲ್ಲ ಸರಿ ಇದೆ, ಆದರೂ ಗಾಡಿ ಸರಿ ಇಲ್ಲ. ಪಂಪಿನ ಲಿವರನ್ನು ಬೆರಳಿನಿಂದ ಎಳೆದು ಹಿಡಿದರೆ ಇಂಜಿನ್ ಚೆನ್ನಾಗಿ ಓಡುತ್ತಿತ್ತು. ಬೆರಳು ತೆಗೆದರೆ ಸಾಯುತ್ತಿತ್ತು.

ಚಿಂತಾಮಣಿಯ ಬಸ್ ನಿಲ್ದಾಣದ ಹತ್ತಿರ ವಾಹನಗಳ ವೈರಿಂಗ್ ಅಂಗಡಿ ಇಟ್ಟಿರುವ ಸಿದ್ಧಾರ್ಥನಿಗೆ ಫೋನ್ ಮಾಡಿದ. ಸಿದ್ಧಾರ್ಥ ಇವನ ಸಂಬಂಧಿಕ, ಓದಿದ ಹುಡುಗ, ಕೆಲಸದಲ್ಲಿ ಚುರುಕು. ಎಲ್ಲ ಕೇಳಿಸಿಕೊಂಡು ಅವನು ವಿವರಿಸಿದ್ದು ಇಷ್ಟು. ಆ ಡಬ್ಬಿಯೊಳಗೆ ಎರಡು ಸುರುಳಿ ಇರುತ್ತವೆ. ಒಂದು ಬಲವಾದದ್ದು, ಒಂದು ಕ್ಷಣ ಕಡ್ಡಿಯನ್ನು ಒಳಗೆಳೆದು ಸುಮ್ಮನಾಗುತ್ತದೆ. ಇನ್ನೊಂದು ಬಡಕಲು, ಪೂರ್ತಿ ಒಳಗೆ ಬಂದ ಕಡ್ಡಿಯನ್ನು ಹಿಡಿದುಕೊಂಡಿರುವುದಷ್ಟೇ ಅದರ ಕೈಲಾಗುವ ಕೆಲಸ. ಹಿಡಿದುಕೊಳ್ಳುವ ಸುರುಳಿ ಸುಟ್ಟಿರಬೇಕು, ಹೊಸ ಡಬ್ಬಿ ನಾಳೆ ತರಿಸಿಕೊಡುತ್ತೇನೆ ಅಂದ. ಆಮೇಲೆ ಸ್ವಲ್ಪ ತಡೆದು, ಅರ್ಜೆಂಟ್ ಇದ್ದರೆ ಲಿವರಿಗೆ ತಂತಿ ಕಟ್ಟಿ ಓಡಿಸಣ್ಣ, ಎಲ್ಲರೂ ಅದನ್ನೇ ಮಾಡುತ್ತಾರೆ ಅಂತಲೂ ಅಂದ.

ಈ ಕೊನೆಯ ಮಾತನ್ನು ವೆಂಕಟರಾಯಪ್ಪನವರು ಕೇಳಿಸಿಕೊಂಡರು. ಫೋನಿನ ಸ್ಪೀಕರ್ ಹಾಕಿದ್ದು ಮುರಳಿಯದೇ ತಪ್ಪು. ಅವರು ಹಿಂದೆ ಮುಂದೆ ನೋಡದೆ ತಮ್ಮ ಟ್ರ್ಯಾಕ್ಟರ್ ಓಡಿಸುವ ಎರ್ರಪ್ಪನನ್ನು ಕರೆದರು. ಎರ್ರಪ್ಪ ಬೇಲಿಯಿಂದ ಒಂದು ಚೂರು ತಂತಿ ಕಿತ್ತುಕೊಂಡೇ ಬಂದ. ಮುರಳಿ ಅಡ್ಡ ಬಂದು, ತಂತಿ ಕಟ್ಟಿದರೆ ಕೀಲಿಗೂ ಇಂಜಿನ್ ನಿಲ್ಲುವುದಿಲ್ಲ, ಪಟ್ಟಿ ಎತ್ತಿದರೂ ನಿಲ್ಲುವುದಿಲ್ಲ, ಒಳಗೆ ಹೆಂಗಸರಿರುತ್ತಾರೆ ಅಂತ ತೊದಲುತ್ತಾ ಹೇಳಿದ. ಎರ್ರಪ್ಪ ಅವನ ಬೆನ್ನು ತಟ್ಟಿದ. ಅವನಿಗೆ ನಿಜವಾಗಿ ಕನಿಕರವಾಗಿತ್ತು.

"ಏಮೀ ಕಾದು ಲೇಪ್ಪಾ," ಅಂದ. "ಏನೂ ಆಗಲ್ಲ. ನಮ್ಮ ಟ್ರ್ಯಾಕ್ಟರ್ ವರ್ಷದಿಂದ ಹಿಂಗೇ ಓಡ್ತಾ ಐತೆ."

ಮುರಳಿ ಆಕಾಶ ನೋಡಿದ. ಲಾರಿ ಡ್ರೈವರನ ಮುಖ ನೋಡಿದ. ಗುದ್ದಲಿ ಊರಿಕೊಂಡು ನಿಂತ ಹೆಂಗಸರನ್ನು, ಅವರಲ್ಲಿ ನೆಲ ನೋಡುತ್ತಿದ್ದ ಕವಿತಳನ್ನು ನೋಡಿದ. ಇಷ್ಟು ಜನ ಒಂದು ಮಾತು ಹೇಳುವಾಗ ನಾನೊಬ್ಬನೇ ಇನ್ನೊಂದು ಹೇಳುತ್ತಿದ್ದೇನೆ ಅಂದರೆ ಕೆಟ್ಟಿರುವುದು ನನ್ನ ತಲೆಯೇ ಇರಬೇಕು ಅನ್ನಿಸಿತು. ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಎರ್ರಪ್ಪ ಲಿವರನ್ನು ಎಳೆದು ತಂತಿ ಬಿಗಿದ. ಇಂಜಿನ್ ಹತ್ತಿತು, ಆರಲಿಲ್ಲ. ವೆಂಕಟರಾಯಪ್ಪನವರು ಕೈಯಾಡಿಸಿದ್ದೇ ಹೆಂಗಸರು ಒಳಗೆ ಹೋದರು. ಕಂಬಗಳ ಸಂದಿ, ಗೋಡೆಯ ಮೂಲೆ, ಬಕೆಟ್ ತಲುಪದ ಕಡೆಯಿಂದೆಲ್ಲ ಗೊಬ್ಬರ ಕೆರೆದು ನಡುವಿಗೆ ಎಳೆಯುವುದು ಅವರ ಕೆಲಸ. ಗಾಡಿ ಅವರ ನಡುವೆಯೇ ಓಡಾಡಬೇಕು.

ಮುರಳಿ ಸೀಟಿನಲ್ಲಿ ಕೂತು ಪಟ್ಟಿ ಎಳೆದುಕೊಂಡ. ಶೆಡ್ಡಿನ ಬಾಗಿಲು ದಾಟಿ ಸ್ವಲ್ಪ ಒಳಗೆ ಹೋಗಿ ನಿಂತ. ಒಮ್ಮೆ ನೋಡೇಬಿಡೋಣ ಅಂತ ಪಟ್ಟಿ ಎತ್ತಿದ. ಇಂಜಿನ್ ಓಡುತ್ತಲೇ ಇತ್ತು. ಕೀಲಿ ಆರಿಸಿ ಕೀಲಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಆಗಲೂ ಓಡುತ್ತಲೇ ಇತ್ತು. ಗೊತ್ತಿದ್ದ ವಿಷಯವೇ, ಆದರೂ ಎದೆ ಝಲ್ಲೆಂದಿತು. ಎದುರಿಗೆ, ಬಕೆಟ್ಟಿನಿಂದ ಆಚೆ, ಗೋಡೆಯ ಮೂಲೆಯಲ್ಲಿ ಕವಿತ ಬಗ್ಗಿ ಕೆರೆಯುತ್ತಿದ್ದಳು. ಧೂಳಿಗೆ ಹೆದರಿ ತಲೆ, ಕಿವಿ, ಮೂಗೆಲ್ಲ ಸೇರಿಸಿ ಬಟ್ಟೆ ಸುತ್ತಿದ್ದಳು. ಬೆನ್ನು ಇವನ ಕಡೆಗಿತ್ತು. ಕೂಗಿದರೂ ಅವಳಿಗೆ ಕೇಳುವಂತಿರಲಿಲ್ಲ.

ಮುರಳಿ ಗಾಡಿಯನ್ನು ಒಂದು ಅಂಗುಲವೂ ಮುಂದೆ ಬಿಡದೆ ಹಾಗೇ ಹಿಂದಕ್ಕೆ ತೆಗೆದು ಅಂಗಳಕ್ಕೆ ಬಂದು ಇಳಿದ. ಇಳಿದು ತಿರುಗಿ ನೋಡಿದರೆ ಖಾಲಿ ಸೀಟು, ಓಡುತ್ತಿರುವ ಇಂಜಿನ್. ಆ ನೋಟ ಅವನಿಗೆ ಸಹಿಸಲಾಗಲಿಲ್ಲ. ಓಡಿಹೋಗಿ ಹಿಂಬಾಗಿಲು ತೆಗೆದು ತಂತಿಯನ್ನು ಕಿತ್ತೆಸೆದ. ಇಂಜಿನ್ ಸತ್ತಿತು.

ಆಮೇಲೆ ಕೇಳಿಸಿಕೊಳ್ಳಬೇಕಾದ್ದನ್ನೆಲ್ಲ ಕೇಳಿಸಿಕೊಂಡ. ವೆಂಕಟರಾಯಪ್ಪನವರು ಗಾಡಿ ಓಡಿಸಲು ಗಂಡಸು ಬೇಕು ಅಂದರು. ಲಾರಿಯವನು ಉಪ್ಪು ಖಾರ ಹಚ್ಚಿ ಇನ್ನೆರಡು ಸೇರಿಸಿದ. ಮುರಳಿಗೆ ಅದೆಲ್ಲ ಹೊಸದಲ್ಲ. ಹೊಸದಾದದ್ದು ಕವಿತ ಆಡಿದ ಮಾತು. ಇಂಜಿನ್ ನಿಂತದ್ದು ಕಂಡು ಅವಳು ಹೊರಗೆ ಬಂದಿದ್ದಳು. ಮುಖದ ಬಟ್ಟೆ ಬಿಚ್ಚುತ್ತಾ, ಎಲ್ಲರೂ ಕೇಳುವ ಹಾಗೆ ಅಂದಳು:

"ನಿಮ್ಮ ಈ ಭಯಕ್ಕೆ ಕೊನೆ ಅನ್ನೋದೇ ಇಲ್ವಾ? ಇನ್ನೆಷ್ಟು ದಿನ ಎಲ್ರೂ ನಗೋದನ್ನ ನಾನು ನೋಡ್ಬೇಕು?"

ಮುರಳಿ ಗಾಡಿಯ ಹಿಂದೆ ಹೋಗಿ ಮಂಡಿಯೂರಿ ಕೂತ. ಅಲ್ಲಿ ಕೂತರೆ ಯಾರ ಮುಖವೂ ಕಾಣುತ್ತಿರಲಿಲ್ಲ. ಏನಾದರೂ ಮಾಡುತ್ತಿರುವ ಹಾಗೆ ಕಾಣಬೇಕಿತ್ತು, ಅದಕ್ಕೇ ಸೊಲೆನಾಯ್ಡಿನ ಮೇಲೆ ಕೈಯಿಟ್ಟ. ಬಿಸಿಯಾಗಿತ್ತು. ಬಿಸಿಯಾಗಬೇಕಾದರೆ ಒಳಗೆ ಕರೆಂಟು ಹರಿದಿರಬೇಕು, ಹಾಗಾದರೆ ಇದು ಪೂರ್ತಿ ಸತ್ತದ್ದಲ್ಲ. ಹೆದರುವವನಿಗೆ ಇರುವ ಒಂದೇ ಅನುಕೂಲ ಅಂದರೆ ನೋಡಿದ್ದನ್ನೇ ಇನ್ನೊಂದು ಸಲ ನೋಡಲು ಬೇಸರವಾಗುವುದಿಲ್ಲ. ಪಟ್ಟಿ ಇಳಿಸಿ, ಕೀಲಿ ಹಾಕಿ ಬಂದು ಕಡ್ಡಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕ್ ಅನ್ನಬೇಕಿತ್ತು, ಅನ್ನಲಿಲ್ಲ. ಇನ್ನೇನು ಪೂರ್ತಿ ಒಳಗೆ ಹೋಯಿತು ಅನ್ನುವಾಗ ಮೆತ್ತಗೆ ಏನೋ ತಡೆಯಿತು. ಮತ್ತೆ ಒತ್ತಿದ, ಅದೇ ಮೆತ್ತನೆಯ ತಡೆ.

ಸುರುಳಿ ಸುಟ್ಟರೆ ಕಡ್ಡಿಯನ್ನು ಹಿಡಿಯುವುದಿಲ್ಲ, ಸರಿ. ಆದರೆ ಸುಟ್ಟ ಸುರುಳಿ ಕಡ್ಡಿಗೆ ಅಡ್ಡ ನಿಲ್ಲುವುದಿಲ್ಲವಲ್ಲ. ಸಿದ್ಧಾರ್ಥ ಹೇಳಿದ್ದು ನೆನಪಾಯಿತು. ಬಡಕಲು ಸುರುಳಿ ಹಿಡಿಯುವುದು ಪೂರ್ತಿ ಒಳಗೆ ಬಂದ ಕಡ್ಡಿಯನ್ನು ಮಾತ್ರ. ಕೂದಲೆಳೆಯಷ್ಟು ಸಂದಿ ಉಳಿದರೂ ಅದರ ಕೈ ಸಾಲದು. ಧೂಳು ಹೋಗದಿರಲಿ ಅಂತ ಡಬ್ಬಿಯ ಬಾಯಿಗೆ ಕಪ್ಪು ರಬ್ಬರಿನ ಒಂದು ಟೋಪಿ ಇರುತ್ತದೆ. ಮುರಳಿ ಸ್ಕ್ರೂಡ್ರೈವರಿನ ತುದಿಯಿಂದ ಆ ಟೋಪಿಯ ಅಂಚನ್ನು ಸರಿಸಿದ.

ಕಡ್ಡಿಗೆ ಒಂದು ದಾರ ಸುತ್ತಿತ್ತು. ಎಣ್ಣೆ ಕುಡಿದು ಕಪ್ಪಾಗಿತ್ತು, ಉಬ್ಬಿತ್ತು, ಆದರೂ ಅಲ್ಲಲ್ಲಿ ಹಸಿರು ಕೆಂಪು ಬಣ್ಣ ಉಳಿದಿತ್ತು. ತಾನಾಗಿ ಬಂದು ಸಿಕ್ಕಿಕೊಂಡ ದಾರವಲ್ಲ. ಸುತ್ತು ಹಾಕಿ, ಗಂಟು ಬಿಗಿದು, ಯಾರೋ ಕಟ್ಟಿದ್ದರು. ಇಂಜಿನ್ನಿನ ನಡುಕಕ್ಕೆ ದಿನದಿನವೂ ಸರಿಯುತ್ತಾ ಬಂದು ಇವತ್ತು ಡಬ್ಬಿಯ ಬಾಯಿಗೆ ಬಂದು ಕೂತಿತ್ತು. ಯಾರು ಕಟ್ಟಿದರು ಅಂತ ಮುರಳಿ ಯೋಚಿಸಬೇಕಾಗಲಿಲ್ಲ. ಹಬ್ಬಕ್ಕೆ ಮುಂಚಿನ ಶುಕ್ರವಾರ ಇದೇ ಹಸಿರು ಕೆಂಪು ದಾರವನ್ನು ಕವಿತ ಅವನ ಕೈಗೆ ಕಟ್ಟಲು ಬಂದಿದ್ದಳು. ನನ್ನ ಕೆಲಸಕ್ಕೆ ದಾರ ಗೀರ ಆಗದು ಅಂತ ಅವನು ಕೈ ಹಿಂದಕ್ಕೆ ಎಳೆದುಕೊಂಡಿದ್ದ.

ಗಂಟು ಬಿಚ್ಚಿ ದಾರವನ್ನು ಅಂಗೈಯಲ್ಲಿಟ್ಟುಕೊಂಡು, ಬೇರೆ ಯಾರಿಗೂ ಕಾಣದ ಹಾಗೆ ಅವಳನ್ನು ಗಾಡಿಯ ಹಿಂದಕ್ಕೆ ಕರೆದ. ಅಂಗೈ ಬಿಚ್ಚಿ ತೋರಿಸಿದ. ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು.

ಮಾತು ತಡೆಯಲಾಗದ ಹಾಗೆ ಬಂತು. ಮುರುಗಮಲ್ಲದ ದರ್ಗಾಕ್ಕೆ ಅವಳು ಆ ಶುಕ್ರವಾರ ಒಬ್ಬಳೇ ಹೋಗಿದ್ದಳಂತೆ. ಮನಸ್ಸಿಗೆ ತೊಂದರೆಯಾದವರನ್ನು ಅಲ್ಲಿಗೆ ಕರೆದುಕೊಂಡು ಬರುತ್ತಾರೆ, ಎಲ್ಲ ಜಾತಿಯವರೂ ಬರುತ್ತಾರೆ. ಅವರ ನಡುವೆ ಮಧ್ಯಾಹ್ನವೆಲ್ಲ ಕೂತಿದ್ದಳು. ನನ್ನ ಗಂಡನಿಗೆ ಇಂಥದ್ದೇನೂ ಇಲ್ಲವಲ್ಲ, ನಾನು ಯಾಕೆ ಬಂದೆ ಅಂತ ಅಲ್ಲೇ ಅಳು ಬಂತಂತೆ. ಆದರೂ ಸಕ್ಕರೆಗೆ ಪ್ರಾರ್ಥನೆ ಓದಿಸಿ, ಬಾಗಿಲ ಅಂಗಡಿಯಲ್ಲಿ ದಾರ ಕೊಂಡು ಬಂದಳು. ಅವನು ಕಟ್ಟಿಸಿಕೊಳ್ಳಲಿಲ್ಲ. ಆಯುಧಪೂಜೆಯ ದಿನ ಅವನು ಬೂದುಗುಂಬಳಕಾಯಿ ಒಡೆಯಲು ಮುಂದೆ ಹೋಗಿದ್ದಾಗ, ಕುಂಕುಮ ಹಚ್ಚುವ ನೆಪದಲ್ಲಿ ಹಿಂಬಾಗಿಲು ತೆಗೆದು ಆ ಕಡ್ಡಿಗೆ ಕಟ್ಟಿದಳು. ಕಣ್ಣಿಗೆ ಬಿದ್ದರೆ ಕಿತ್ತುಹಾಕುತ್ತಾನೆ ಅಂತ ರಬ್ಬರಿನೊಳಗೆ ಮುಚ್ಚಿಟ್ಟಳು.

"ಗಾಡಿ ಜೀವ ಇದ್ರಲ್ಲೇ ಇರೋದು ಅಂತ ನೀವೇ ಹೇಳಿದ್ರಲ್ಲ," ಅಂದಳು. "ನಿಮಗೆ ಕಟ್ಟೋಕೆ ಬಿಡ್ಲಿಲ್ಲ. ಅದಕ್ಕೆ ಇದಕ್ಕೆ ಕಟ್ಟಿದೆ. ಹೆಂಗೋ ನಿಮ್ಮ ಭಯ ಹೋದ್ರೆ ಸಾಕು ಅಂತ."

ಮುರಳಿಗೆ ಬಹಳ ನೋವಾಯಿತು. ಗಾಡಿ ಕೆಟ್ಟದ್ದಕ್ಕಲ್ಲ. ಊರೆಲ್ಲ ನಕ್ಕಾಗ ಅವನು ಕ್ಯಾರೇ ಅಂದವನಲ್ಲ, ಯಾಕೆಂದರೆ ಮನೆಗೆ ಹೋದರೆ ತನ್ನನ್ನು ಬಲ್ಲ ಒಬ್ಬಳಿದ್ದಾಳೆ ಅಂದುಕೊಂಡಿದ್ದ. ಅವಳೂ ಇದನ್ನು ಕಾಯಿಲೆ ಅಂದುಕೊಂಡು, ಕಾಯಿಲೆಯವರ ಸಾಲಿನಲ್ಲಿ ಕೂತು ಬೇಡಿಕೊಂಡು ಬಂದಿದ್ದಾಳೆ. ಅವಳನ್ನು ಬೈಯೋಣ ಅಂದರೆ, ತನಗೋಸ್ಕರ ಒಬ್ಬಳೇ ಅಷ್ಟು ದೂರ ಹೋಗಿ ಅತ್ತವಳನ್ನು ಏನಂತ ಬೈಯುವುದು? ಅವನ ಬಾಯಿಂದ ಬಂದದ್ದು ಯೋಚಿಸಿ ಆಡಿದ ಮಾತಲ್ಲ.

"ಭಯ ಹೋಗಿದ್ದಿದ್ರೆ ಈಗ ತಂತಿ ಕಟ್ಕೊಂಡು ಒಳಗೆ ಗಾಡಿ ಓಡಿಸ್ತಾ ಇರ್ತಿದ್ದೆ ಕಣೇ. ನೀನು ಬಕೆಟ್ ಮುಂದೆ ಇದ್ದೆ. ಬೆನ್ನು ಹಾಕ್ಕೊಂಡು."

ಕವಿತ ಶೆಡ್ಡಿನ ಬಾಗಿಲ ಕಡೆ ತಿರುಗಿದಳು. ಅವಳು ಕೆರೆಯುತ್ತಿದ್ದ ಮೂಲೆ ಅಲ್ಲಿಂದ ಕಾಣುತ್ತಿತ್ತು. ಎರಡು ಗೋಡೆ ಸೇರುವ ಜಾಗ, ಪಕ್ಕಕ್ಕೆ ಒಂದು ಕಂಬ. ಅವಳ ಗುದ್ದಲಿ ಗೋಡೆಗೆ ಒರಗಿಕೊಂಡಿತ್ತು. ಗಾಡಿ ಮುಂದೆ ಬಂದಿದ್ದರೆ ಆ ಮೂಲೆಯಿಂದ ಯಾವ ಕಡೆಗೂ ಹೋಗುವಂತಿರಲಿಲ್ಲ. ಅವಳು ಅದನ್ನೇ ನೋಡುತ್ತಾ ನಿಂತಳು. ಮುರಳಿ ದಾರವನ್ನು ಅವಳ ಕೈಗೆ ಕೊಟ್ಟ. ಗೊಬ್ಬರದ ನೆಲಕ್ಕೆ ಹಾಕುವಂಥದ್ದಲ್ಲ ಅದು ಅನ್ನುವುದು ಅವನಿಗೂ ಗೊತ್ತಿತ್ತು. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕಡ್ಡಿಯನ್ನು ಒರೆಸಿ, ರಬ್ಬರಿನ ಟೋಪಿ ಕೂರಿಸಿ, ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಅಂದಿತು. ಒತ್ತಿದ್ದು ಒತ್ತಿದ ಹಾಗೇ ನಿಂತಿತು. ಕೀಲಿ ತಿರುಗಿಸಿದ, ಇಂಜಿನ್ ಹತ್ತಿತು, ಕೈಬಿಟ್ಟ, ಓಡುತ್ತಲೇ ಇತ್ತು. ಪಟ್ಟಿ ಎತ್ತಿದ, ಸತ್ತಿತು. ವೆಂಕಟರಾಯಪ್ಪನವರು ಏನಾಗಿತ್ತಪ್ಪಾ ಅಂತ ಕೇಳಿದ್ದಕ್ಕೆ, ಕಸ ಸಿಕ್ಕಿಕೊಂಡಿತ್ತು ವೆಂಕಟರಾಯಣ್ಣ ಅಂತ ಹೇಳಿದ. ಅವರು ಅದಕ್ಕಿಂತ ಹೆಚ್ಚು ಕೇಳುವ ಪೈಕಿಯಲ್ಲ, ಮಳೆ ಬರ್ತಾ ಐತೆ ನಡಿ ನಡಿ ಅಂದರು. ಒಂದೆರಡು ಹನಿ ಆಗಲೇ ಶೆಡ್ಡಿನ ಶೀಟಿನ ಮೇಲೆ ಬಿದ್ದ ಸದ್ದಾಗಿತ್ತು. ಎರ್ರಪ್ಪ ಒಂದು ಟಾರ್ಪಾಲು ತಂದು ಗುಡ್ಡೆಯ ಮೇಲೆ ಎಳೆಯತೊಡಗಿದ. ಹೆಂಗಸರು ಮತ್ತೆ ಒಳಗೆ ಹೋಗಿ ಅವರವರ ಜಾಗದಲ್ಲಿ ಬಗ್ಗಿದರು.

ಮುರಳಿ ಸೀಟಿನಲ್ಲಿ ಕೂತು ಪಟ್ಟಿ ಎಳೆದುಕೊಂಡು ಎರಡು ಲಿವರಿನ ಮೇಲೆ ಕೈಯಿಟ್ಟ. ಕೈ ನಡುಗುತ್ತಿತ್ತು, ನಿಲ್ಲಲಿಲ್ಲ. ಎಲ್ಲ ಸರಿಹೋಯಿತು, ಸರಿಹೋದದ್ದನ್ನು ತಾನೇ ಕಣ್ಣಾರೆ ನೋಡಿದ್ದಾನೆ, ಆದರೂ ಆ ಮೂಲೆ, ಆ ಬಗ್ಗಿದ ಬೆನ್ನು ಕಣ್ಣ ಮುಂದಿನಿಂದ ಹೋಗಲೊಲ್ಲದು. ಮುಷ್ಟಿ ಬಿಗಿದು ಬಿಟ್ಟು ನೋಡಿದ. ಪ್ರಯೋಜನವಾಗಲಿಲ್ಲ. ಕವಿತ ಕ್ಯಾಬಿನ್ನಿನ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದುದು ಆಗ ಅವನ ಗಮನಕ್ಕೆ ಬಂತು. ಅವನಿಗೆ ನಾಚಿಕೆಯಾಯಿತು.

"ನಿಂತ್ಕೊಳ್ತಾ ಇಲ್ಲ, ನೋಡು," ಅಂದ. "ಒಂದು ಗಳಿಗೆ ತಡಿ, ಸರಿಹೋಗುತ್ತೆ."

"ನಡುಗ್ಲಿ ಬಿಡಿ," ಅಂದಳು ಕವಿತ.

ಮುಖಕ್ಕೆ ಬಟ್ಟೆ ಸುತ್ತಿಕೊಳ್ಳದೆ ಅವಳು ಗಾಡಿಗಿಂತ ಮುಂದಾಗಿ ಶೆಡ್ಡಿನೊಳಗೆ ಹೋದಳು. ಗಾಡಿ ಬರ್ತಾ ಇದೆ, ಎಲ್ಲ ಹೊರಗೆ ಬನ್ನಿ, ಅದು ನಿಂತ ಮೇಲೆ ಮೂಲೆ ಕೆರೆಯೋಣ ಅಂತ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. ಒಬ್ಬಾಕೆ ನಗುತ್ತಾ ಏನೋ ಅಂದಳು. ಕವಿತ ನಗಲಿಲ್ಲ. ಕೊನೆಯವಳು ಹೊರಗೆ ಬರುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಗಂಡನ ಕಡೆ ತಿರುಗಿ ಕೈಯೆತ್ತಿ ಬನ್ನಿ ಅಂದಳು.